ಇಪ್ಪತ್ತಡಿ ದೂರದ ಟೀ ಅಂಗಡಿ

ಕಣ್ಣಿದ್ದೂ ಕುರುಡ ಎಂದು ನನ್ನನ್ನು ಮೊದಲು ಕರೆದವಳು ನನ್ನ ಹೆಂಡತಿ. ಆಗ ನಮ್ಮ ಮದುವೆಯಾಗಿ ಎಂಟು ದಿನವಾಗಿತ್ತು. ಎದುರಿಗಿದ್ದ ಬೇಳೆ ಡಬ್ಬಿ ನನಗೆ ಕಾಣಲಿಲ್ಲವೆಂಬುದು ಆಕೆಯ ದೂರು. ಆ ಬಿರುದನ್ನು ಈಚೆಗೆ ಕಂಪ್ಯೂಟರು ಖಾಯಂ ಮಾಡಿದೆ. ನಾನು ಅರಕಲಗೂಡಿನಲ್ಲಿ ಪತ್ರ ಬರಹಗಾರ. ಕ್ರಯಪತ್ರ, ವಿಭಾಗಪತ್ರ ಎಂದು ದಿನವಿಡೀ ಪರದೆಯನ್ನೇ ದಿಟ್ಟಿಸಿ, ಸಂಜೆಯ ಹೊತ್ತಿಗೆ ಕಣ್ಣಿಗೆ ಖಾರದಪುಡಿ ಬಿದ್ದಂತಾಗುತ್ತದೆ. ಉಜ್ಜಿಕೊಂಡರೆ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ಅದರಲ್ಲಿ ನಾನು ಟೈಪ್ ಮಾಡಿದ್ದು ಯಾವುದೆಂದು ನನಗೇ ಅನುಮಾನ.

ಹೋದ ತಿಂಗಳು ಮಲ್ಲಿಪಟ್ಟಣದ ಕಡೆಯ ನಿಂಗಮ್ಮನವರು ಮೈದುನನ ಜೊತೆ ವಿಭಾಗಪತ್ರ ಮಾಡಿಸಲು ಬಂದರು. ಸಹಿಗೆ ಮುಂಚೆ ಪತ್ರವನ್ನು ಗಟ್ಟಿಯಾಗಿ ಓದಿ ಹೇಳುವುದು ನಮ್ಮ ಪದ್ಧತಿ. ಜಮೀನಿನ ಗಡಿಗಳ ಸಾಲಿಗೆ ಬರುತ್ತಲೇ ಆಕೆ ಎದ್ದು ನಿಂತರು. "ಅಯ್ಯೋ ಸಾ, ನಾಲೆ ಇರಾದು ಮೂಡ್ಲಾಗೆ. ನೀವು ಪಡ್ಲಾಗೆ ಬರ್ದಿದೀರಲ್ಲ! ನೀರೆಲ್ಲ ಮೈದುನಂಗೆ, ನಂಗೆ ಬರೀ ಬದುವಾ?" ಆಕೆಗೆ ಓದು ಬಾರದು, ಮೂರು ಸಲ ಓದಿ ಸರಿಯಿದೆ ಎಂದವನು ನಾನು. ನಾಚಿಕೆಯಿಂದ ತಲೆ ತಗ್ಗಿಸಿ, "ಸೋಮವಾರ ಬನ್ನಿ ತಾಯಿ, ತಿದ್ದಿಕೊಡ್ತೀನಿ" ಎಂದು ಹೇಳಿ ಹಾಸನದ ಬಸ್ಸು ಹತ್ತಿದೆ.

ಕಣ್ಣಿನ ಡಾಕ್ಟರು, "ಇಪ್ಪತ್ತು ನಿಮಿಷಕ್ಕೊಂದ್ಸಲ ಇಪ್ಪತ್ತಡಿ ದೂರ ಇಪ್ಪತ್ತು ಸೆಕೆಂಡು ನೋಡಿ. ಆಗಾಗ ಕಣ್ಣು ಮಿಟುಕಿಸಿ" ಎಂದರು. ಸುಲಭವೆನಿಸಿತು. ಆದರೆ ನನ್ನ ಕುರ್ಚಿಯಿಂದ ಇಪ್ಪತ್ತಡಿ ದೂರದಲ್ಲಿರುವುದು ಮಂಜಣ್ಣನ ಟೀ ಅಂಗಡಿ. ನಮ್ಮ ಬೀದಿಯಲ್ಲಿ ಟೀ ಬೇಕೆಂದು ಯಾರೂ ಕೂಗುವುದಿಲ್ಲ. ಆ ಕಡೆ ಕಣ್ಣು ಹಾಯಿಸಿದರೆ ಸಾಕು, ನೋಡಿದವರ ಅಂಗಡಿಯಲ್ಲಿ ಕೂತವರನ್ನು ಎಣಿಸಿ ಮಂಜಣ್ಣ ಅಷ್ಟೂ ಲೋಟ ತಂದಿಡುತ್ತಾನೆ. ಕಣ್ಣು ಮಿಟುಕಿಸಿದ್ದನ್ನು ಸಕ್ಕರೆ ಜಾಸ್ತಿ ಎಂದು ತಿಳಿದನೋ ಏನೋ, ಮೊದಲ ದಿನದ ಟೀ ಪಾಯಸವಾಗಿತ್ತು. ಮಧ್ಯಾಹ್ನದೊಳಗೆ ಒಂಬತ್ತು ಲೋಟ ನನ್ನ ಹೊಟ್ಟೆಗಿಳಿಯಿತು. "ನಾನು ನೋಡಿದ್ದು ನಿನ್ನನ್ನಲ್ಲ ಮಂಜಣ್ಣ, ದೂರ" ಎಂದೆ. "ಆ ದೂರದಾಗೆ ಇರಾನು ನಾನೇ ಅಲ್ವಾ ಸಾ?" ಎಂದ. ಹತ್ತನೆಯ ಲೋಟ ಕೈಗೆತ್ತಿಕೊಂಡೆ. ಅಂದು ರಾತ್ರಿ ನಿದ್ದೆಯೇ ಇಲ್ಲ. ಕಣ್ಣು ಮೊದಲಿಗಿಂತ ಕೆಂಪು.

ಸೋಮವಾರ ನಿಂಗಮ್ಮ ನನ್ನ ಮುಖ ನೋಡಿ ಗಾಬರಿಯಾದರು. "ಕಣ್ಣು ಕೆಂಡ ಆಗವಲ್ಲ ಸಾ! ಮುಚ್ಕೊಳಿ. ನಾನ್ ಯೋಳ್ತೀನಿ, ನೀವು ಟೈಪು ಹೊಡ್ಕಂಡು ಓಗಿ."

ಟೈಪಿಂಗ್ ಕಲಿಸಿದ ಮೇಷ್ಟ್ರು, ಕೀಲಿಮಣೆ ನೋಡಿದರೆ ಬೆರಳಿಗೇ ಸ್ಕೇಲಿನಿಂದ ಬಾರಿಸುತ್ತಿದ್ದರು. ಆ ಭಯ ನನ್ನ ಬೆರಳಲ್ಲಿ ಇನ್ನೂ ಇದೆ. ಕಣ್ಣು ಮುಚ್ಚಿದೆ. ಮೂಡಲಿಗೆ ನಾಲೆ, ತೆಂಕಲಿಗೆ ಬಂಡಿದಾರಿ ಎಂದು ಆಕೆ ಹೊಲವನ್ನೊಂದು ಸುತ್ತು ಹಾಕಿದವರಂತೆ ಹೇಳುತ್ತಾ ಹೋದರು. ಪ್ರಿಂಟು ತೆಗೆದು ಮೈದುನನ ಕೈಯಲ್ಲೇ ಓದಿಸಿದೆವು. ಒಂದಕ್ಷರ ತಪ್ಪಿರಲಿಲ್ಲ. ನಾಲೆ ನಿಂಗಮ್ಮನಿಗೆ ವಾಪಸು ಬಂತು, ನನಗೆ ಜೀವ ಬಂತು.

ಮೈದುನ ಮೆಟ್ಟಿಲಿಳಿಯುತ್ತಾ ತಿರುಗಿ ಹೇಳಿದ: "ನಾಡಿದ್ದು ನನ್ ಸೈಟಿಂದೂ ಒಂದು ಪತ್ರ ಐತೆ ಸಾ. ದಯಮಾಡಿ ಅದ್ನೂ ಕಣ್ ಮುಚ್ಕೊಂಡೇ ಬರೀರಿ."

ಅದು ಹೊಗಳಿಕೆಯೋ ಏನೋ ತಿಳಿಯದೆ ಕೈ ಮುಗಿದೆ.