ಕಷಾಯದ ಗುಟ್ಟು ರಟ್ಟಾದ ಬಗೆ

ಸೊಪ್ಪು-ಬೇರಿನ ಔಷಧಿಯಲ್ಲಿ ನಿಜವಾಗಿ ಏನಿದೆ, ಕುಡಿದವರು ಉಳಿಯುತ್ತಾರೋ ಇಲ್ಲವೋ ಎಂದು ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದೇ ನನ್ನ ನೌಕರಿಯಾಗಿತ್ತು. ಎಪ್ಪತ್ತು-ಎಂಬತ್ತರ ದಶಕದಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಎಂದು ಖಾಲಿ ಸೀಸೆ ಹಿಡಿದು ಅಲೆದವಳು ನಾನು. ನಗುವಿಗೆ ಒಂದು ದಿನವೂ ಬರ ಬರಲಿಲ್ಲ.

೧. ಹೇಳಬಾರದ ಸೊಪ್ಪು

ಹೊನ್ನಾಳಿಯ ಪಂಡಿತರೊಬ್ಬರು ಕಾಮಾಲೆಗೆ ಕಷಾಯ ಕೊಡುತ್ತಿದ್ದರು. ಯಾವ ಸೊಪ್ಪು ಎಂದರೆ, "ಹೇಳಿದ್ರೆ ಗುಣ ಹೋಗ್ತೈತ್ರಿ" ಎನ್ನುವರು. ಪರೀಕ್ಷಿಸಿದೆ: ಚಹಾಪುಡಿ, ಬೆಲ್ಲ, ಶುಂಠಿ. ಹೋಗಿ ಕೇಳಿದೆ. ಬಾಗಿಲು ಹಾಕಿ ಕೈಮುಗಿದರು.

"ಅಮ್ಮಾರೇ, ಯಾರಿಗೂ ಹೇಳಬ್ಯಾಡ್ರಿ. ಎದುರಿನ ಹೋಟ್ಲಿನವ್ನು ನನಗಿಂತ ಚಲೋ ಮಾಡ್ತಾನೆ!"

೨. ಇಲಿಗಳ ಸಾಕ್ಷಿ

ನ್ಯಾಮತಿಯ ಅಂಗಡಿಯಿಂದ ನರಗಳ ಶಕ್ತಿಗೆಂದು ಮಾರುವ ಅರಿಷ್ಟ ಬಂತು. ಬಿಳಿ ಇಲಿಗಳಿಗೆ ಕುಡಿಸಿದೆವು. ಅರ್ಧ ಗಂಟೆಯಲ್ಲಿ ಎರಡು ಇಲಿ ಜಗಳಕ್ಕೆ ನಿಂತವು, ಮೂರನೆಯದು ಅಂಗಾತ ಬಿದ್ದು ನಿದ್ದೆ ಹೋಯಿತು. ಒಳಗಿದ್ದದ್ದು ಬಹುಪಾಲು ಸಾರಾಯಿ! ಮಾಲೆಲ್ಲ ತರಿಸಿ ಮೋರಿಗೆ ಚೆಲ್ಲಬೇಕೆಂದು ಬರೆದೆ. ಮಾಲು ಬಂತು. ಚೆಲ್ಲಲು ಆಫೀಸಿನ ಗಂಡಸರೆಲ್ಲ ತಾವೇ ಮುಂದೆ ಬಂದರು. ಐದು ಗಂಟೆಗೇ ಚೀಲ ಹೆಗಲಿಗೇರಿಸುವವರು ಅವತ್ತು ಏಳಾದರೂ ಚೆಲ್ಲುತ್ತಲೇ ಇದ್ದರು.

೩. ಬರೀ ಬೇರು

ಜಗಳೂರು ಸಂತೆಯಲ್ಲಿ ಒಬ್ಬ ಮಂಡಿನೋವಿಗೆ ಪುಡಿ ಮಾರುತ್ತಿದ್ದ. "ಬರೀ ಬೇರು ಕಣ್ರೀ, ಕಾಡಿನ ಬೇರು!" ಮುದುಕಿಯೊಬ್ಬಳು ನನ್ನ ಕೈ ಹಿಡಿದು, "ನೋವು ತಟಕ್ಕನೆ ಹೋಗ್ತೈತೆ ಯವ್ವಾ, ಆದ್ರೆ ಹೊಟ್ಟೆ ಬೆಂಕಿ ಬಿದ್ದಂಗೆ ಉರೀತೈತೆ" ಎಂದಳು. ನನಗೆ ಅನುಮಾನ. ಪರೀಕ್ಷಿಸಿದರೆ, ಬೇರಿನ ಜೊತೆ ಇಂಗ್ಲಿಷ್ ಔಷಧಿಯ ನೋವಿನ ಮಾತ್ರೆ ಅರೆದು ಬೆರೆಸಿದ್ದ. ದಿನಾ ತಿಂದರೆ ಹೊಟ್ಟೆ ಹುಣ್ಣಾಗುತ್ತದೆ, ಕೂಡಲೇ ಮಾರಾಟ ನಿಲ್ಲಿಸಿ ಎಂದು ನಮ್ಮ ಸಾಹೇಬರಿಗೆ ವರದಿ ಕೊಟ್ಟೆ. ಮುದುಕಿಗೂ ತಿನ್ನಬೇಡವೆಂದು ಹೇಳಿ ಕಳಿಸಿದೆ.

ಮುಂದಿನ ಸಂತೆಗೆ ಹೋದರೆ ಅಂಗಡಿಗೆ ಹೊಸ ಬೋರ್ಡು: 'ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ಪುಡಿ.' ರೇಗಿದೆ.

"ಸುಳ್ಳೇನೈತ್ರಿ ಇದ್ರಾಗೆ? ನೀವೇ ಅಲ್ಲೇನ್ರಿ ಪರೀಕ್ಷೆ ಮಾಡಿದ್ದು?" ಎಂದ.

ಗಿರಾಕಿಗಳ ಸಾಲು ಮೊದಲಿಗಿಂತ ಉದ್ದವಿತ್ತು. ಸಾಲಿನ ಮುಂದೆ, ತಲೆಗೆ ಟವೆಲ್ ಸುತ್ತಿಕೊಂಡು, ಮಂಡಿ ಹಿಡಿದುಕೊಂಡು ನಿಂತವರು ನಮ್ಮ ಸಾಹೇಬರೇ!

"ಸಾರ್, ನನ್ನ ವರದಿ ಓದಲಿಲ್ವಾ?"

"ಓದಿದ್ದಕ್ಕೇ ಬಂದೆ ಕಣಮ್ಮ," ಅವರು ಪೊಟ್ಟಣ ಜೇಬಿಗಿಳಿಸಿದರು. "ಇಷ್ಟು ದಿನ ಬರೀ ಬೇರು ಅಂದ್ಕೊಂಡು ನಂಬಿರ್ಲಿಲ್ಲ!"