ಬೀರುವಿನ ಹಿಂದಿನ ವೈರು

"ಇನ್ನು ಮೇಲೆ ಒಬ್ಬನೇ ಒಬ್ಬ ಗಿರಾಕಿ ಆ ಮಿಂಚಣ್ಣನ ಕಡೆ ಹೋದರೆ ನನ್ನನ್ನ ಕೇಳು!" ಎಂದು ನೆಟ್ಟಣ್ಣ ಬೆಳಿಗ್ಗೆ ಬೆಳಿಗ್ಗೆಯೇ ಹೆಂಡತಿಯ ಮುಂದೆ ಎದೆಯುಬ್ಬಿಸಿ ಸಾರಿದ. ನೆಟ್ಟಣ್ಣ ಎಂದರೆ ಬಡಾವಣೆಗೆಲ್ಲ ಇಂಟರ್‌ನೆಟ್ ಹಂಚುವ ಮಹಾಪ್ರಭು. ಮಿಂಚಣ್ಣ ಪಕ್ಕದ ಬೀದಿಯಲ್ಲಿ ಅದೇ ಕಸುಬು ಹಿಡಿದಿರುವ ಜನ್ಮವೈರಿ.

ಪಾಪ, ಮಾತು ಇನ್ನೂ ಬಾಯಲ್ಲಿತ್ತು, ನೆಟ್ಟು ನಿಂತೇ ಹೋಯಿತು!

ಮನೆಯ ಮುಂದಿನ ಕೋಣೆಯೇ ಆಫೀಸು. ಅಲ್ಲಿನ ಡಬ್ಬಿಗಳಲ್ಲೆಲ್ಲ ಕೆಂಪು ದೀಪ. ಲ್ಯಾಂಡ್‌ಲೈನ್ ಬಡಕೊಳ್ಳತೊಡಗಿತು. "ಮಧ್ಯಾಹ್ನದೊಳಗೆ ನೆಟ್ ಬರದಿದ್ರೆ ಇಡೀ ಅಪಾರ್ಟ್‌ಮೆಂಟೇ ಮಿಂಚಣ್ಣನಿಗೆ!" ಎಂದು ಸೆಕ್ರೆಟರಿ ಗುಡುಗಿದರು. ಅರ್ಧ ವ್ಯಾಪಾರವೇ ಆ ಅಪಾರ್ಟ್‌ಮೆಂಟು. ನೆಟ್ಟಣ್ಣ ಬಾಗಿಲಿಗೆ ಓಡಿ ತನ್ನ ವೈರು ಹಾದಿರುವ ಕಂಬವನ್ನು ದಿಟ್ಟಿಸಿದ. ಯಾರೋ ಬೇಕಂತಲೇ ಕೈಯಾಡಿಸಿದ್ದಾರೆ! ಕಂಬದ ಕೆಳಗಿನ ತರಕಾರಿಯವನ ಮೇಲೆ ಗುಮಾನಿ, ಕಂಬದ ಮೇಲಿನ ಕಾಗೆಯ ಮೇಲೂ ಗುಮಾನಿ.

ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ಕಿಲಕಿಲ ನಗು. ಇಣುಕಿದರೆ, ವೀಡಿಯೊ ಕಾಲ್! ಆ ತಗ್ಗಿನ ಮನೆಯಲ್ಲಿ ಮೊಬೈಲ್ ಸಿಗ್ನಲ್ ಯಾವತ್ತೂ ಸಿಕ್ಕಿದ್ದಿಲ್ಲ. ಮತ್ತೆ ಇದು ಹೇಗೆ? ಮೈಯೆಲ್ಲ ಕಣ್ಣಾಗಿ ಮಂಚದಡಿ ತೂರಿದ, ಬೀರು ಸರಿಸಿದ. ಅದರ ಹಿಂದೆ ಪುಟ್ಟ ಡಬ್ಬಿಯೊಂದು ಹಸಿರು ದೀಪ ಮಿಟುಕಿಸುತ್ತ ಹಾಯಾಗಿ ಕೂತಿತ್ತು. ಅದರ ವೈರು ಕಿಟಕಿ ದಾಟಿ ಸೀದಾ ಮಿಂಚಣ್ಣನ ಕಂಬಕ್ಕೆ ಹೋಗಿತ್ತು.

"ಅಯ್ಯಯ್ಯೋ! ಉಂಡ ಮನೆಗೇ ಎರಡು ಬಗೆದೆಯಲ್ಲೇ!"

"ಕೂಗಾಡ್ಬೇಡಿ," ಎಂದಳು ಫೋನ್ ಕೆಳಗಿಟ್ಟು. "ನೆಟ್ ಇಲ್ಲ ಅಂತ ಗಿರಾಕಿಗಳು ಮೆಸೇಜ್ ಹಾಕೋದು ಯಾರಿಗೆ? ನನಗೆ. ನಿಮ್ಮ ನೆಟ್ಟೇ ಮಲಗಿರುವಾಗ ನಾನು ಉತ್ತರ ಕೊಡೋದು ಯಾವುದರಲ್ಲಿ?"

"ಎಷ್ಟು ದಿನದಿಂದ ನಡೀತಿದೆ ಇದು?"

"ನಿಮ್ಮ ವ್ಯಾಪಾರ ಶುರುವಾದ ವಾರದಿಂದ! ಗಿರಾಕಿಗಳು ಓಡಿಹೋಗದೆ ಉಳಿದಿರೋದು ನಿಮ್ಮ ನೆಟ್ಟಿನ ಚಂದಕ್ಕೆ ಅಂದ್ಕೊಂಡ್ರಾ? ಈಗ ಮಾತಾಡ್ತಿದ್ದಿದ್ದು ಸೆಕ್ರೆಟರಿಯವರ ಹೆಂಡತಿ ಹತ್ರ. ಹೆಂಗೋ ಒಪ್ಪಿಸಿದ್ದೀನಿ, ಸಂಜೆವರೆಗೂ ಕಾಯ್ತಾರಂತೆ."

ನೆಟ್ಟಣ್ಣನಿಗೆ ಹೋದ ಜೀವ ಬಂದಂತಾಯಿತು, ನಾಚಿಕೆಯೂ ಆಯಿತು. ಆದರೆ ಸಂಜೆಯೊಳಗೆ ರಿಪೇರಿ ಆಗಲೇಬೇಕಲ್ಲ! ಎಲ್ಲಿ ಕೆಟ್ಟಿದೆ ಎಂದು ನೋಡುವುದಕ್ಕೂ ನೆಟ್ಟೇ ಬೇಕು. ಲ್ಯಾಪ್‌ಟಾಪ್ ತಂದು ಹೆಂಡತಿಯ ಪಕ್ಕ ಬೆಕ್ಕಿನಂತೆ ಮೆಲ್ಲಗೆ ಕೂತ.

"ಇದರ ಪಾಸ್‌ವರ್ಡ್ ಏನೇ? ನನ್ನ ಹೆಸರೇ ತಾನೆ?"

"ಮೊದಲು ಅದನ್ನೇ ಇಟ್ಟಿದ್ದೆ ರೀ. ಇಟ್ಟ ದಿನವೇ ಮಿಂಚಣ್ಣನ ನೆಟ್ಟೂ ಹೋಯ್ತು. ಬದಲಾಯಿಸಿಬಿಟ್ಟೆ!"