ನಿಮ್ಮ ಮನೆ ಮುಂದಿನದು ನೀವು ಕೇಳುವಂತಿಲ್ಲ

ನನಗೆ ಬೇಕಾದ್ದನ್ನು ಬಾಯಿಬಿಟ್ಟು ಕೇಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ. ಮದುವೆ ಮನೆಯಲ್ಲಿ ಪಾಯಸದ ಬಕೆಟ್ಟು ನನ್ನ ಎಲೆಯನ್ನು ದಾಟಿ ಹೋದರೆ, ಬಡಿಸುವವರನ್ನು ವಾಪಸ್ಸು ಕರೆದು ಹಾಕಿಸಿಕೊಳ್ಳುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ "ನನಗೆ ಸ್ವಲ್ಪ ವಾಂತಿಯ ತೊಂದರೆ" ಎಂದು ಹೇಳಿ ಜಾಗ ಬಿಡಿಸಿಕೊಂಡಿದ್ದೇನೆ. ವಾಂತಿಯ ತೊಂದರೆ ನನಗಿಲ್ಲ. ಚಾಮರಾಜನಗರದ ಕಚೇರಿಯಲ್ಲಿ ಫ್ಯಾನಿನ ಕೆಳಗಿನ ಮೇಜು ನನ್ನದಾದದ್ದು ಸೇವಾ ಹಿರಿತನದಿಂದಲ್ಲ, ಒಂದರ ಹಿಂದೊಂದು ಕೊಟ್ಟ ಅರ್ಜಿಗಳಿಂದ. ಇಂಥ ನನ್ನನ್ನು ದೇವರು ತಂದು ಒಂದು ವಿಚಿತ್ರ ಬಡಾವಣೆಯಲ್ಲಿ ಕೂರಿಸಿದ. ಇಲ್ಲಿ ಯಾರೂ ತಮಗಾಗಿ ಏನನ್ನೂ ಕೇಳುವಂತಿಲ್ಲ.

ಬಡಾವಣೆ ಇರುವುದು ಗುಂಡ್ಲುಪೇಟೆಯಲ್ಲಿ. ನಾನು ದಿನಾ ತೆರಕಣಾಂಬಿ ಮೇಲೆ ನಗರಕ್ಕೆ, ಅಂದರೆ ಚಾಮರಾಜನಗರಕ್ಕೆ, ಹೋಗಿ ಬರುವವನು. ನಮ್ಮ ನಿವಾಸಿಗಳ ಸಂಘಕ್ಕೆ ದೊಡ್ಡ ಆಸ್ತಿಯೇನೂ ಇಲ್ಲ. ಇರುವುದು ಒಂದು ತಗಡಿನ ಶೆಡ್ಡು, ಅದರ ತುಂಬ ಪ್ಲಾಸ್ಟಿಕ್ ಕುರ್ಚಿ, ನಾಲ್ಕು ದೊಡ್ಡ ಹಂಡೆ, ಒಂದು ಶಾಮಿಯಾನ. ಸುತ್ತಮುತ್ತಲಿನ ಮದುವೆ, ನಾಮಕರಣ, ತಿಥಿಗಳಿಗೆ ಇವನ್ನು ಬಾಡಿಗೆಗೆ ಕೊಡುತ್ತೇವೆ. ಕುರ್ಚಿಗಳ ಬೆನ್ನಿಗೆ ಬಡಾವಣೆಯ ಹೆಸರು ಬರೆಸಿದೆ. ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಯಾವುದೋ ಹಳ್ಳಿಯ ಬೀಗರೂಟದಲ್ಲಿ ನಮ್ಮ ಹೆಸರಿಗೆ ಒರಗಿಕೊಂಡು ಜನ ಉಣ್ಣುವುದನ್ನು ಕಂಡಾಗ ನನಗೆ ಎದೆ ಉಬ್ಬುತ್ತದೆ. ಉಂಡವರಿಗೆ ಗೊತ್ತಿರುವುದಿಲ್ಲ, ಆದರೆ ಅವರು ಕೂತದ್ದರಿಂದ ಬಂದ ಬಾಡಿಗೆಯಲ್ಲೇ ವರ್ಷಕ್ಕೊಮ್ಮೆ ನಮ್ಮ ಬಡಾವಣೆಗೆ ಏನಾದರೊಂದು ಒಳ್ಳೆಯ ಕೆಲಸ ಆಗುತ್ತದೆ. ಒಂದೇ ಒಂದು. ಎರಡನೆಯದಕ್ಕೆ ಸಾಲುವುದಿಲ್ಲ.

ಆ ಒಂದು ಕೆಲಸ ಯಾವುದು ಎಂಬುದೇ ಮೊದಮೊದಲು ಜಗಳ. ಒಂದು ವರ್ಷ ಬೀದಿದೀಪ ಹಾಕಿಸುವುದೆಂದು ಎಲ್ಲರೂ ಒಪ್ಪಿದರು, ಆದರೆ ಪ್ರತಿಯೊಬ್ಬರೂ ಅದು ತಮ್ಮ ಗೇಟಿನ ಮುಂದೆಯೇ ಬೇಕೆಂದರು. ದೀಪ ಶೆಡ್ಡಿನೊಳಗೆ ಕುರ್ಚಿಗಳ ಮೇಲೆ ಒಂದು ವರ್ಷ ಮಲಗಿತ್ತು. ಆಗ ಅಧ್ಯಕ್ಷರಾದವರು ನಜೀರ್ ಸಾಹೇಬರು. ಪೇಟೆಯಲ್ಲಿ ಟ್ರಂಕು, ಬೀರು ಮಾಡುವ ಅಂಗಡಿ ಅವರದು. ಜೀವಮಾನವಿಡೀ ತಗಡು ಬಡಿದು ಬಡಿದು ಅವರಿಗೆ ಸ್ವಲ್ಪ ಕಿವಿ ಮಂದ, ಹಾಗಾಗಿ ಜಗಳದ ಅರ್ಧ ಅವರನ್ನು ಮುಟ್ಟುವುದೇ ಇಲ್ಲ. ಮೊದಲ ಸಭೆಯಲ್ಲೇ ಅವರು ಎದ್ದು ನಿಂತು, "ನೋಡಿ ಸ್ವಾಮಿ, ಇವತ್ತಿಂದ ಒಂದೇ ಕಾನೂನು. ಅವರವ್ರ ಮನೆ ಮುಂದಿಂದು ಅವರವ್ರು ಕೇಳಂಗಿಲ್ಲ. ಇನ್ನೊಬ್ರ ಮನೆ ಮುಂದಿನ ಕಷ್ಟ ನೋಡ್ಕೊಂಡ್ ಬನ್ನಿ, ಅದ ಕೇಳಿ. ಬಸ್," ಎಂದರು. ಕೇಳಿದವರಿಗೆ ಅವರೇ ನಾಲ್ಕು ಪ್ರಶ್ನೆ ಹಾಕುತ್ತಾರೆ. ಆಮೇಲೆ ಕೈ ಎತ್ತುವುದು. ಯಾವುದಕ್ಕೆ ಹೆಚ್ಚು ಕೈಯೋ ಆ ವರ್ಷ ಅದೇ ಕೆಲಸ.

ಈ ಕಾನೂನಿನಿಂದ ಆದ ಮೊದಲ ಲಾಭವೆಂದರೆ, ವಾರ್ಷಿಕ ಸಭೆಯ ಹಿಂದಿನ ತಿಂಗಳು ನಮ್ಮ ಬಡಾವಣೆಯಲ್ಲಿ ಪ್ರೀತಿ ಉಕ್ಕಿ ಹರಿಯತೊಡಗಿತು. ಹನ್ನೊಂದು ತಿಂಗಳು ಮುಖ ತಿರುಗಿಸಿಕೊಂಡು ಓಡಾಡಿದವರು, "ಏನ್ ಸಾರ್, ಊಟ ಆಯ್ತಾ?" ಎಂದು ಬೆಳಿಗ್ಗೆ ಏಳಕ್ಕೇ ಕೇಳುವರು. ಇದನ್ನೆಲ್ಲ ನೋಡಿ ನಾನು ನಗುತ್ತಿದ್ದೆ. ನನಗೂ ಒಂದು ಬೇಕಾಗುವವರೆಗೆ.

ನಮ್ಮ ಮನೆ ಒಂದು ಸಣ್ಣ ಗಲ್ಲಿಯ ಕೊನೆಗಿದೆ. ಗಲ್ಲಿಯ ಬಾಯಿಗೆ ಅಡ್ಡಲಾಗಿ ಆಳದ ಮೋರಿ, ಅದರ ಮೇಲೆ ಎರಡು ಕಲ್ಲು ಚಪ್ಪಡಿ ಇದ್ದವು. ಎರಡು ವರ್ಷದ ಹಿಂದೆ ಇಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಹತ್ತಿ ಒಂದು ಚಪ್ಪಡಿ ಮುರಿದು ಒಳಗೆ ಬಿತ್ತು. ಉಳಿದದ್ದು ಕಾಲಿಟ್ಟರೆ ಅಲ್ಲಾಡುತ್ತಿತ್ತು. ನಾವು ಗಟ್ಟಿಕಾಲಿನವರು ದಾಟಿಬಿಡುತ್ತಿದ್ದೆವು. ಆದರೆ ಮಂಡಿ ನೋವಿನ ನಮ್ಮವ್ವ ಒಂದು ಸಲ ಅದರ ಮೇಲೆ ಜಾರಿ ಕೂತವಳು ಮತ್ತೆ ಗಲ್ಲಿ ಬಿಟ್ಟು ಹೊರಗೆ ಬರಲಿಲ್ಲ. ಆಟೋ ಒಳಗೆ ಬರುವಂತಿರಲಿಲ್ಲ, ಅವಳು ಹೊರಗೆ ಹೋಗುವಂತಿರಲಿಲ್ಲ. ಗಲ್ಲಿಯನ್ನು ಮನೆಯವರೇ ತಮ್ಮ ಜಾಗದಲ್ಲಿ ಬಿಟ್ಟುಕೊಂಡದ್ದರಿಂದ ಅದು ಪುರಸಭೆಯ ಯಾವ ಪಟ್ಟಿಯಲ್ಲೂ ಇಲ್ಲ. ಇರುವ ನಾಲ್ಕು ಮನೆಯಲ್ಲಿ ಎರಡು ಬಾಡಿಗೆಯವು, ಒಂದಕ್ಕೆ ಬೀಗ. ನಾನೊಬ್ಬನೇ ಹಾಕಿಸಬಹುದಿತ್ತು ನಿಜ. ಆದರೆ ನನ್ನ ಖರ್ಚಿನ ಚಪ್ಪಡಿಯ ಮೇಲೆ ಬಾಡಿಗೆಯವರು ಓಡಾಡುವುದನ್ನು ನೆನೆದರೆ ಮನಸ್ಸು ಅಷ್ಟು ವಿಶಾಲವಾಗುತ್ತಿರಲಿಲ್ಲ. ಅವ್ವನನ್ನು ಕೇಳಿದರೆ, "ನಂಗೇನ್ಲಾ, ಬಿಸ್ಲಲ್ಲಿ ಓಗಿ ಏನ್ ಮಾಡಾನ, ಒಳ್ಗೇ ಸಂದಾಗೈತೆ," ಎನ್ನುತ್ತಿದ್ದಳು. ಅವಳಿಗೆ ಮನೆಯೇ ಇಷ್ಟವೆಂದು ನಂಬುವುದು ನನಗೂ ಅನುಕೂಲವಾಗಿತ್ತು.

ಹೆಂಡತಿ ಸುಧಾ ಬಿಡಲಿಲ್ಲ. "ಯಾರನ್ನಾದರೂ ಹಿಡಿದು ಕೇಳಿಸ್ರೀ. ಎದುರಿಗೇ ಪುಟ್ಟಮ್ಮ ಕೂತಿರ್ತಾಳೆ, ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದಳು. ಪುಟ್ಟಮ್ಮನ ಮನೆ ಬಡಾವಣೆಯ ಹಿಂದಿನ ಸಾಲಿನಲ್ಲಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಮ್ಮ ಗಲ್ಲಿಯ ಎದುರು, ಮೋರಿಯ ಆಚೆ ಬದಿಯ ರಸ್ತೆ ಅಂಚಿನಲ್ಲಿ ಕೂತು ಹೂ ಕಟ್ಟಿ ಮಾರುತ್ತಾಳೆ. ಅವಳನ್ನು ನಾನು ಕೇಳುವಂತಿರಲಿಲ್ಲ. ಹೂವಿಗೆ ನೀರು ಚಿಮುಕಿಸಿ ರಸ್ತೆಯೆಲ್ಲ ರಾಡಿ ಮಾಡುತ್ತಾಳೆಂದು ಎರಡು ವರ್ಷದ ಹಿಂದೆ ಸಂಘಕ್ಕೆ ನಾನೇ ಅರ್ಜಿ ಬರೆದಿದ್ದೆ, ಮೂರು ಪ್ರತಿಗಳಲ್ಲಿ. ಸಂಘದಲ್ಲಿ ಒಂದು ಪ್ರತಿ ಇಡುವುದಕ್ಕೇ ಬೀರು ಇಲ್ಲ. ಸಾಹೇಬರು ಉಳಿದೆರಡನ್ನು ಪುಟ್ಟಮ್ಮನಿಗೇ ಕೊಟ್ಟರಂತೆ, ಹೂ ಸುತ್ತುವುದಕ್ಕೆ.

ಹಾಗಾಗಿ ನಾನು ಹಿಡಿದದ್ದು ನಿವೃತ್ತ ಕಂಡಕ್ಟರ್ ಮಾದಪ್ಪನವರನ್ನು. ಒಂದು ಗೊನೆ ಏಲಕ್ಕಿ ಬಾಳೆ ಹೊತ್ತುಕೊಂಡು ಅವರ ಮನೆಗೆ ಹೋದೆ. ಮಾತು ಬೇಗ ಕುದುರಿತು. ಅವರು ನಮ್ಮ ಚಪ್ಪಡಿ ಕೇಳುವುದು, ನಾನು ಅವರ ಕಡೆಗೆ ಬೀದಿದೀಪ ಕೇಳುವುದು. "ಬುಡಿ ಮಾದೇವಪ್ನೋರೆ, ನಾನ್ ಮಾತಾಡ್ತೀನಿ. ಬಸ್ಸಲ್ಲಿ ಕೂಗಿ ಕೂಗಿ ಪಳಗಿರೋ ಗಂಟ್ಲು ಇದು. ನಮ್ಮನೆ ಹಿಂದ್ಗಡೆ ರಸ್ತೆ ಬೋ ಕತ್ಲು, ಒಂದ್ಸಲ ಬಂದ್ ನೋಡ್ಕೊಂಡೋಗಿ," ಎಂದರು. ನಾನೂ ಅವರನ್ನು ಗಲ್ಲಿಗೆ ಕರೆದೆ. ಇಬ್ಬರೂ ಹೋಗಲಿಲ್ಲ. ಸ್ನೇಹಿತರ ಮಾತಿನ ಮೇಲೆ ನಂಬಿಕೆ ಇದ್ದಾಗ ನಡೆಯುವ ಶ್ರಮ ಏಕೆ ಎಂದು ಅಂದುಕೊಂಡೆವು.

ಸಭೆ ಭಾನುವಾರ ಬೆಳಿಗ್ಗೆ ಶೆಡ್ಡಿನ ಮುಂದೆ. ಮೊದಲ ಸರದಿ ನನ್ನದೇ ಬಂತು. ಕತ್ತಲೆಯ ಮೇಲೆ ನಾನು ಆಡಿದ ಮಾತು ಈಗಲೂ ನನಗೆ ನೆನಪಿದೆ. ಮಾದಪ್ಪನವರ ಮನೆಯ ಮೂಲೆಯಲ್ಲಿ ಹೆಂಗಸರು ಮಕ್ಕಳು ಹೇಗೆ ತಡವರಿಸುತ್ತ ನಡೆಯುತ್ತಾರೆಂದು ಹೇಳುತ್ತ ನಾನೇ ನಾಲ್ಕು ಹೆಜ್ಜೆ ಹಾಗೆ ನಡೆದು ತೋರಿಸಿದೆ. ಸಾಹೇಬರು ಕಿವಿಗೆ ಕೈ ಕೊಟ್ಟು ಪೂರ್ತಿ ಕೇಳಿಸಿಕೊಂಡರು. "ಎಲ್ಲಿ ಹಾಕಾನ ದೀಪ?" ಎಂದರು. "ಮೂಲೆಯಲ್ಲೇ," ಎಂದೆ. "ಮೂಲೇಲಿ ಒಂದು ಉರೀತಾ ಇದೆಯಲ್ಲ ಸ್ವಾಮಿ, ಅದನ್ನೇನ್ ಮಾಡಾನ?" ಎಂದರು. ಶೆಡ್ಡಿನಲ್ಲಿ ಮಲಗಿತ್ತೆಂದೆನಲ್ಲ, ಅದೇ ದೀಪವನ್ನು ಅಲ್ಲಿ ಹಾಕಿಸಿದ್ದರು. ಅದಕ್ಕೆ ನಾನೂ ಕೈ ಎತ್ತಿದ್ದೆ. ಮಾತಿನ ಭರದಲ್ಲಿ ಅವರ ಮನೆಯ ಹಿಂದಿನ ರಸ್ತೆ ನನ್ನ ಬಾಯಲ್ಲಿ ಮುಂದಿನ ಮೂಲೆಯಾಗಿಬಿಟ್ಟಿತ್ತು. ಜನ ನಕ್ಕರು. ನಾನೂ ನಕ್ಕು ಕೂತೆ, ಬೇರೆ ದಾರಿ ಇರಲಿಲ್ಲ.

ಮುಂದೆ ಮಾದಪ್ಪನವರು ಎದ್ದರು. ಗಂಟಲೇನೋ ಪಳಗಿದ್ದೇ. "ಮಾದೇವಪ್ನೋರ ಗಲ್ಲಿ ಚಪ್ಪಡಿ ಮುರ್ದೋಗಿ ಜನ ಬಿದ್ದು ಏಳ್ತಾವ್ರೆ!" ಎಂದು ಶುರುಮಾಡಿದರು. ಗಲ್ಲಿಯಲ್ಲಿ ಎಷ್ಟು ಮನೆ ಎಂದು ಸಾಹೇಬರು ಕೇಳಿದರೆ, "ಇಪ್ಪತ್ತಕ್ಕೇನ್ ಕಮ್ಮಿಯಿಲ್ಲ," ಎಂದರು. ಯಾರು ಬಿದ್ದರು ಎಂದಾಗ ಒಂದು ಗಳಿಗೆ ನನ್ನ ಮುಖ ನೋಡಿ, "ಇವ್ರ ತಂದೇರೇ ಬಿದ್ರಲ್ಲ ಪಾಪ, ಮೊನ್ನೆ!" ಎಂದರು. ನಮ್ಮಪ್ಪ ತೀರಿಕೊಂಡು ಒಂಬತ್ತು ವರ್ಷ. ಅವರು ಈ ಬಡಾವಣೆಯನ್ನು ನೋಡಿಯೇ ಇಲ್ಲ. ಈ ಸಲ ಶಾಮಿಯಾನವೇ ಹಾರಿಹೋಗುವ ಹಾಗೆ ನಕ್ಕರು. ಸುಧಾ ನನ್ನ ಕಡೆ ನೋಡಲಿಲ್ಲ. ನಗೆಯಲ್ಲಿ ಕೊಚ್ಚಿಕೊಂಡು ಹೋದದ್ದು ನನ್ನ ಮಾನ ಮಾತ್ರವಲ್ಲ, ಅವ್ವನ ಇನ್ನೊಂದು ವರ್ಷ ಕೂಡ.

ಆಗ ಹಿಂದಿನ ಸಾಲಿನಿಂದ ಪುಟ್ಟಮ್ಮ ಎದ್ದಳು. "ನಗ್ಬುಟ್ಟು ಸುಮ್ಕಾಗ್ಬೇಡಿ ಕಣ್ರಪ್ಪ. ಅಲ್ಲಿರೋದು ನಾಕೇ ಮನೆ. ಬಿದ್ದಿದ್ದು ಇವ್ರಪ್ಪ ಅಲ್ಲ, ಇವ್ರವ್ವ. ಆಯಕ್ಕ ದಿನಾ ಒಂಬತ್ ಗಂಟ್ಗೆ ಗೋಡೆ ಇಡ್ಕಂಡು ಮೋರಿ ತಾವ ಬತ್ತಾಳೆ. ಒಂದ್ ಕಾಲ ಚಪ್ಪಡಿ ಮ್ಯಾಲೆ ಇಕ್ತಾಳೆ, ಅದು ಅಲ್ಲಾಡ್ತದೆ, ತಿರ್ಗಾ ತಗೀತಾಳೆ. ಅಲ್ಲೇ ನಿಂತ್ಕಂಡು ರಸ್ತೇಲಿ ಓಗೋರ್ನ ಬರೋರ್ನ ನೋಡ್ತಾಳೆ. ನಾನು ಈ ಕಡೆಯಿಂದ ಒಂದ್ ಮೊಳ ಊವ ಎಸೀತೀನಿ. ಸೆರಗಲ್ಲಿ ಇಡ್ಕತಾಳೆ. ಕೆಲವ್ ದಿವ್ಸ ಮೋರಿಗ್ ಬೀಳ್ತದೆ, ಇನ್ನೊಂದ್ ಮೊಳ ಎಸೀತೀನಿ. ಮಾತಾಡ್ಬೇಕು ಅಂದ್ರೆ ಇಬ್ರೂ ಕೂಗಾಡ್ಬೇಕು. ದಾಟಿ ಬಂದು ಒಂದ್ ಗಳ್ಗೆ ನನ್ ತಾವ ಕೂತ್ಕಳಾನ ಅಂತ ಆಯಕ್ಕಂಗೆ ಆಸೆ," ಎಂದಳು.

ಸಾಹೇಬರು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ. ನಾನು ಎಂಟು ಗಂಟೆಗೆ ಬಸ್ಸು ಹಿಡಿಯುವವನು, ಸುಧಾ ಎಂಟೂವರೆಗೆ ಶಾಲೆಗೆ ಹೋಗುವವಳು. ನಮ್ಮ ಬೆನ್ನು ತಿರುಗಿದ ಮೇಲೆ ಅವ್ವ ದಿನವೂ ಗಲ್ಲಿಯ ಬಾಯಿಯವರೆಗೆ ಹೋಗಿ ಒಂದು ಕಾಲಿಟ್ಟು ತೆಗೆಯುತ್ತಿದ್ದಳೆಂದು ಇಬ್ಬರಿಗೂ ತಿಳಿದಿರಲಿಲ್ಲ. ಮನೆಯೊಳಗೇ ಸಂದಾಗೈತೆ ಎಂದವಳು ನನಗೆ ಖರ್ಚಾಗಬಾರದೆಂದು ಸುಳ್ಳು ಹೇಳಿದ್ದಳು. ನಾನು ಅದನ್ನು ಖುಷಿಯಾಗಿ ನಂಬಿದ್ದೆ. ಕಣ್ಣು ತುಂಬಿಬಂತು ಎಂದು ಹೇಳುವುದಕ್ಕೆ ನನಗೆ ನಾಚಿಕೆಯಿಲ್ಲ. ತಲೆ ಎತ್ತಿದಾಗ ಎಲ್ಲರ ಕೈಗಳೂ ಮೇಲಿದ್ದವು. ಮಾದಪ್ಪನವರಂತೂ ಎರಡೂ ಕೈ ಎತ್ತಿದ್ದರು.

ಹದಿನೈದು ದಿನದಲ್ಲಿ ಮೋರಿಯ ಮೇಲೆ ಕಾಂಕ್ರೀಟಿನ ಅಗಲವಾದ ಹಾಸು ಬಿತ್ತು. ಪಕ್ಕಕ್ಕೆ ಹಿಡಿದುಕೊಳ್ಳಲು ಕಬ್ಬಿಣದ ಕಂಬಿಯನ್ನು ಸಾಹೇಬರು ತಾವೇ ಬೆಸೆದು ತಂದು ಕೂರಿಸಿದರು, ಅದಕ್ಕೆ ಸಂಘದಿಂದ ಏನೂ ತೆಗೆದುಕೊಳ್ಳಲಿಲ್ಲ. ಅವ್ವ ಮೊದಲ ದಿನ ದಾಟುವಾಗ ನಾನು ರಜೆ ಹಾಕಿದ್ದೆ. ಅವಳು ನನ್ನ ಕೈ ಹಿಡಿಯಲಿಲ್ಲ, ಕಂಬಿ ಹಿಡಿದಳು. ಆ ಕಡೆ ಸೇರಿ ಪುಟ್ಟಮ್ಮನ ಪಕ್ಕದ ಗೋಣಿತಾಟಿನ ಮೇಲೆ ಕೂತವಳು ಮಧ್ಯಾಹ್ನದ ಊಟಕ್ಕೆ ಕರೆದರೂ ಏಳಲಿಲ್ಲ.

ಪುಟ್ಟಮ್ಮನಿಗೆ ಧನ್ಯವಾದ ಹೇಳಬೇಕೆಂದು ಎರಡು ವಾರ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಬಸ್ಸಿನ ಕಿಟಕಿಯಿಂದ ಚೆಂಡುಹೂವಿನ ಹೊಲ ಕಂಡಾಗಲೆಲ್ಲ ಒಂದು ವಾಕ್ಯ ಸೇರುತ್ತಿತ್ತು. ಕೊನೆಗೆ ಅವಳ ಮುಂದೆ ನಿಂತು ಅರ್ಜಿಯ ವಿಷಯದಿಂದಲೇ ಶುರುಮಾಡಿ ಕ್ಷಮೆ ಕೇಳಿದೆ. ಅವಳು ದಾರ ಕಚ್ಚಿಕೊಂಡೇ ಹೇಳಿದಳು: "ನಿಂಗೋಸ್ಕರ ನಾನ್ಯಾಕ್ ಕೇಳ್ಳಪ್ಪ? ಊವ ಎಸ್ದು ಎಸ್ದು ನನ್ ರಟ್ಟೆ ಬಿದ್ದೋಗಿತ್ತು." ಅವ್ವ ಪಕ್ಕದಲ್ಲಿ ಕೂತು ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟೋ ದಿನವಾಗಿತ್ತು. ನನಗೆ ಇನ್ನೇನು ಬೇಕಿತ್ತು?

ಈ ಉಪಕಾರವನ್ನು ಹೇಗಾದರೂ ತೀರಿಸಲೇಬೇಕೆಂದು ಈ ವರ್ಷದ ಸಭೆಗೆ ನಾನು ಒಂದು ತಿಂಗಳು ಮೊದಲೇ ತಯಾರಾದೆ. ಪುಟ್ಟಮ್ಮ ಬಿಸಿಲು ಮಳೆಯೆನ್ನದೆ ಕೂರುವ ಜಾಗಕ್ಕೆ ಒಂದು ತಗಡಿನ ಗೂಡಂಗಡಿ ಕೇಳುವುದು. ಈ ಸಲ ಕಣ್ಣಾರೆ ನೋಡಿದೆ. ರಜೆ ದಿನಗಳಲ್ಲಿ ಅಲ್ಲೇ ನಿಂತು ಬಿಸಿಲು ಯಾವಾಗ ಎಲ್ಲಿ ಬೀಳುತ್ತದೆ, ಮಳೆ ಯಾವ ಕಡೆಯಿಂದ ಬಡಿಯುತ್ತದೆ, ಎಲ್ಲ ಬರೆದುಕೊಂಡೆ. ಈ ಸಲ ಸಭೆಗೆ ಅವ್ವನೂ ನಡೆದು ಬಂದು ಪುಟ್ಟಮ್ಮನ ಪಕ್ಕ ಕೂತಿದ್ದಳು. ಸಾಹೇಬರು ಹಾಕಿದ ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ ಕೊಟ್ಟೆ. ಜನ ತಲೆದೂಗಿದರು, ಸುಧಾ ಕೂಡ. ಸಾಹೇಬರು ಮೆಚ್ಚಿಕೊಂಡು, "ಪುಟ್ಟಮ್ಮ, ಏನಂತೀರಿ?" ಎಂದರು.

"ನಂಗ್ ಬ್ಯಾಡ ಕಣಪ್ಪ," ಎಂದಳು ಪುಟ್ಟಮ್ಮ. "ರಸ್ತೆ ಕಡೆ ಬುಟ್ಟು ಮೂರ್ ಕಡೆ ತಗಡ್ ಹೊಡುದ್ರೆ ಗಲ್ಲಿ ಬಾಯಿ ನಂಗ್ ಕಾಣಾಕಿಲ್ಲ. ಆಯಕ್ಕ ದಾಟ್ವಾಗ ಒಂದ್ ಕಣ್ ಇಟ್ಟಿರ್ಬೇಕಲ್ಲ. ಇವ್ರು ನೋಡುದ್ರೆ ನಗರದಲ್ಲಿರ್ತಾರೆ, ಇನ್ಯಾರ್ ನೋಡ್ಕಳೋರು?"

ನಾನು ಬರೆದುಕೊಂಡ ಹಾಳೆಯಲ್ಲಿ ಇದೊಂದು ಇರಲಿಲ್ಲ. ಸಾಹೇಬರು ಗಡ್ಡ ಸವರಿಕೊಂಡು, ಹಾಗಾದರೆ ಮಾದೇವಪ್ಪನವರು ಕೇಳಿದ್ದು ಬೇಡ ಎನ್ನುವವರು ಕೈ ಎತ್ತಿ ಎಂದರು. ಮೊದಲು ಎತ್ತಿದವಳು ನಮ್ಮವ್ವ. ಎರಡನೆಯ ಕೈ ನನ್ನದು.